ಗುರಮ್ಮನ ಮಾಳಿಗೆ ಮೇಲಿನ ಲೈನು

ಹನ್ನೆರಡು ವರ್ಷ ನಾನು ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಎಸ್.ಟಿ. ಬಸ್ಸಿನಲ್ಲಿ ಓಡಾಡಿದವನು. ಬೆಳಿಗ್ಗೆ ಏಳಕ್ಕೆ ಊಟದ ಡಬ್ಬಿ ಹಿಡಿದು ಹೊರಟರೆ, ಮನೆಗೆ ಬರುವ ಹೊತ್ತಿಗೆ ದೀಪ ಹಚ್ಚಿರುತ್ತಿದ್ದರು. ಕೂರಲು ಸೀಟು ಸಿಕ್ಕ ದಿನಗಳನ್ನು ಬೆರಳಲ್ಲಿ ಎಣಿಸಬಹುದು. ನನ್ನ ಎಡ ಮೊಣಕಾಲು ಹೋದದ್ದು ಆ ಬಸ್ಸಿನಲ್ಲೇ.

ಎರಡು ವರ್ಷದ ಹಿಂದೆ ನಮ್ಮ ಟ್ರಾನ್ಸ್‌ಪೋರ್ಟ್ ಕಂಪನಿ ಅಕ್ಕಲಕೋಟದಲ್ಲೇ ಒಂದು ಸಣ್ಣ ಆಫೀಸು ತೆರೆದು ನನ್ನನ್ನು ಅಲ್ಲಿ ಕೂರಿಸಿತು. ಅವತ್ತು ಹೆಂಡತಿ ರಖಮಾಬಾಯಿ ಆ ಡಬ್ಬಿಯನ್ನು ತೊಳೆದು, ಬಿಸಿಲಿಗಿಟ್ಟು, ಅದರಲ್ಲಿ ಸಾಸಿವೆ ತುಂಬಿದಳು. ಮಧ್ಯಾಹ್ನ ಮನೆಗೆ ನಡೆದು ಹೋಗಿ ಬಿಸಿ ರೊಟ್ಟಿ ಉಣ್ಣುವುದು ಇಷ್ಟು ದೊಡ್ಡ ಸುಖ ಎಂದು ನನಗೆ ಐವತ್ತೈದನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಇಂಟರ್ನೆಟ್ಟಿನಿಂದ. ಲಾರಿಗೆ ಸರಕು ತುಂಬಿದ ಮೇಲೆ ಅದರ ಬಿಲ್ಟಿ, ಅಂದರೆ ಸರಕಿನ ರಸೀದಿ, ಸೊಲ್ಲಾಪುರದ ಕಂಪ್ಯೂಟರಿಗೆ ಹೋಗಬೇಕು. ಅಲ್ಲಿಂದ ಒಪ್ಪಿಗೆ ಬಂದು ಕಾಗದ ಅಚ್ಚಾಗುವವರೆಗೆ ಡ್ರೈವರ್ ಗಾಡಿ ಅಲ್ಲಾಡಿಸುವುದಿಲ್ಲ. ನನ್ನ ಆಫೀಸಿನಲ್ಲಿ ನೆಟ್ ಎಂದರೆ ನನ್ನ ಮೊಬೈಲು. ಆ ಮೊಬೈಲಿಗೆ ರೇಂಜ್ ಸಿಗುತ್ತಿದ್ದದ್ದು ಹೊರಗಿನ ಮೂರನೆಯ ಮೆಟ್ಟಿಲ ಮೇಲೆ ಮಾತ್ರ. ಅದನ್ನು ಅಲ್ಲಿಟ್ಟು ಒಳಗೆ ಬಂದು ಬಿಲ್ಟಿ ಬರೆಯುವುದು, ನೆಟ್ ಹೋಯಿತೆಂದು ಮತ್ತೆ ಹೊರಗೆ ಹೋಗುವುದು. ಹೀಗೆ ಹತ್ತಿ ಇಳಿದು ಮೊಣಕಾಲು ಬಾತುಕೊಂಡಿತು.

ಒಂದು ದಿನ ಮಾಲಕ ಯೋಗಿರಾಜ ಅವರ ಫೋನು ಬಂತು. ನನ್ನ ಮಗನ ವಯಸ್ಸಿನವರು, ಮಾತು ಬಲು ಮೆದು. ಅವರು ನನ್ನನ್ನು ಕಾಕಾ ಎಂದಾಗಲೆಲ್ಲ ನನಗೊಂದು ಹೊಸ ತಾಪತ್ರಯ ಬಂದಿದೆ.

"ಕಾಕಾ, ಗಾಡಿ ಎರಡೆರಡು ತಾಸು ನಿಂದರಾಕತ್ತಾವ. ಈ ತಿಂಗಳದಾಗ ಒಂದು ಛಲೋ ಲೈನ್ ಹುಡುಕ್ರಿ. ಇಲ್ಲಂದ್ರ ಆ ಆಫೀಸ್ ಬಂದ್ ಮಾಡೂಣು. ನೀವು ಮೊದಲಿನಂಗ ಸೊಲ್ಲಾಪುರಕ್ಕ ಬಂದು ಕೂಡ್ರಿ."

ಮೊದಲಿನಂತೆ ಎಂದರೆ ಬೆಳಿಗ್ಗೆ ಏಳರ ಎಸ್.ಟಿ., ಕೈಯಲ್ಲಿ ಡಬ್ಬಿ. ಇನ್ನು ಮೂರು ವರ್ಷದ ನೌಕರಿ. ಆ ಬಸ್ಸನ್ನು ಮತ್ತೆ ಹತ್ತಲು ನನ್ನಿಂದ ಆಗುತ್ತಿರಲಿಲ್ಲ.

ಲೈನು ಬೇಕೆಂದು ನಾಲ್ಕು ಕಡೆ ಕೇಳಿದ್ದೇ ತಡ, ನೆಟ್ ಮಾರುವ ಮೂವರು ಬಂದರು. ಮೊದಲನೆಯವನು ಕೊರಳಿಗೆ ಟೈ ಕಟ್ಟಿಕೊಂಡಿದ್ದ, ನಲವತ್ತೆರಡು ಡಿಗ್ರಿ ಬಿಸಿಲಿನಲ್ಲಿ. ಮುನ್ನೂರರ ಸ್ಪೀಡ್ ಎಂದು ಹೇಳಿ ತನ್ನ ಮೊಬೈಲಿನಲ್ಲಿ ಒಂದು ಸಿನಿಮಾ ಓಡಿಸಿ ತೋರಿಸಿದ. ನಾನು ಕಳಿಸುವುದು ಒಂದು ಹಾಳೆ ಬಿಲ್ಟಿ, ನನಗ್ಯಾಕೆ ಸಿನಿಮಾ? ಎರಡನೆಯವನದು ತಂತಿಯೇ ಬೇಡದ ಡಬ್ಬಿ. ಮಳೆಗಾಳಿ ಬಂದರೆ ಹೇಗಪ್ಪಾ ಎಂದು ಕೇಳಿದೆ. ಅವನು ಚೀಲದಲ್ಲಿ ಏನೋ ಹುಡುಕತೊಡಗಿದ. ಮೂರನೆಯವನು ಸೂರಜ, ಎರಡು ಓಣಿ ಆಚೆಯವನು, ಊರಿನ ಕೇಬಲ್ ಎಳೆಯುವವನು.

"ಅವರಷ್ಟು ಸ್ಪೀಡ್ ನಮ್ಮದಿಲ್ರಿ ಕಾಕಾ," ಎಂದು ಮೊದಲೇ ಒಪ್ಪಿಕೊಂಡ.

ನನಗೆ ಸ್ಪೀಡಿನ ಲೆಕ್ಕ ತಿಳಿಯುವುದಿಲ್ಲ. ಆದರೆ ಹನ್ನೆರಡು ವರ್ಷ ಕೆಟ್ಟು ನಿಂತ ಬಸ್ಸುಗಳಲ್ಲಿ ಕಾದವನಿಗೆ ಒಂದು ಗೊತ್ತು: ಕೇಳಬೇಕಾದದ್ದು ಗಾಡಿ ಎಷ್ಟು ಜೋರು ಓಡುತ್ತದೆ ಎಂದಲ್ಲ, ಕೆಟ್ಟಾಗ ಯಾರು ಬರುತ್ತಾರೆ ಎಂದು. ಭಾನುವಾರ ಮಧ್ಯಾಹ್ನ, ಎಲ್ಲರೂ ಉಂಡು ಅಡ್ಡಾಗುವ ಹೊತ್ತಿಗೆ, ಮೂವರಿಗೂ ಫೋನು ಹಚ್ಚಿದೆ. ಮೊದಲನೆಯ ಕಡೆ ಹಾಡು ಕೇಳಿಸಿತು, ಮನುಷ್ಯ ಸಿಗಲಿಲ್ಲ. ಎರಡನೆಯದು ಸ್ವಿಚ್ ಆಫ್. ಸೂರಜ ಬಾಯಲ್ಲಿ ತುತ್ತು ಇಟ್ಟುಕೊಂಡೇ ಎತ್ತಿದ.

"ಉಣ್ಣಾಕತ್ತೀನ್ರಿ ಕಾಕಾ. ಯಾಕ, ಲೈನ್ ಬಂದ್ ಬಿತ್ತೇನ್ರಿ? ಹತ್ತು ಮಿನಿಟ್‌ನ್ಯಾಗ ಬಂದೆ."

"ಇನ್ನಾ ಲೈನೇ ಹಾಕಿಲ್ಲೋ ತಮ್ಮಾ," ಎಂದೆ. "ನಾಳೆ ಬಂದು ಹಾಕು."

ಲೈನು ಬರುವ ಕಂಬ ಆಫೀಸಿನ ಪಕ್ಕದ ಗುರಮ್ಮನ ಮನೆಯ ಆ ಕಡೆ ಇತ್ತು. ತಂತಿ ಅವರ ಮಾಳಿಗೆ ಮೇಲಿಂದಲೇ ಬರಬೇಕು. ಎಪ್ಪತ್ತು ದಾಟಿದ ಗಟ್ಟಿ ಮುದುಕಿ, ಬೇಸಿಗೆ ಪೂರ್ತಿ ಅವರ ಮಾಳಿಗೆ ತುಂಬ ಸಂಡಿಗೆ, ಹಪ್ಪಳ, ಶಾವಿಗೆ. ಹೋದ ವರ್ಷ ಯಾರೋ ತಂತಿ ಎಳೆಯುವವನು ಚಪ್ಪಲಿ ಕಾಲಲ್ಲಿ ಅದರ ಮೇಲೆ ನಡೆದುಬಿಟ್ಟಿದ್ದ.

"ಎರಡು ದಿನದ ಸಂಡಿಗಿ ಎಲ್ಲಾ ಎಮ್ಮಿಗೆ ಹಾಕೀನಿ," ಎಂದರು ಗುರಮ್ಮ. "ಇನ್ನ ಯಾರಿಗೂ ಮ್ಯಾಲ ಬಿಡಂಗಿಲ್ಲ."

"ಸೂರಜ ಚಪ್ಪಲಿ ಬಿಟ್ಟು ಹತ್ತತಾನ್ರಿ ಅವ್ವಾರ. ಈ ಲೈನ್ ಬರಲಿಲ್ಲಂದ್ರ ನಾ ಮತ್ತ ಬಸ್ ಹತ್ತಬೇಕಾಗತೈತಿ."

ಅವರು ನನ್ನ ಬಾತ ಮೊಣಕಾಲನ್ನು ನೋಡಿದರು. "ಹಂಗಾರ ನೀನೂ ಹತ್ತು ತುಕಾರಾಮ. ನಿನ್ನ ಕಣ್ಮುಂದ ಆಗ್ಲಿ. ಒಂದು ಹಪ್ಪಳ ಮುರೀತಂದ್ರ ನಿನ್ನ ಕೇಳ್ತೀನಿ."

ನಿಚ್ಚಣಿಕೆಯ ಒಂದೊಂದು ಮೆಟ್ಟಿಲಿಗೂ ಮೊಣಕಾಲು ಕಟಕ್ ಎನ್ನುತ್ತಿತ್ತು. ಮೇಲೆ ಬರಿಗಾಲಿಗೆ ಮಾಳಿಗೆ ಕಾದ ಹಂಚಿನಂತೆ ಸುಡುತ್ತಿತ್ತು. ಸೀರೆ ಹಾಸಿ ಇಟ್ಟ ಸಂಡಿಗೆಗಳ ನಡುವೆ ಅಂಗಾಲಗಲ ಜಾಗ ಹುಡುಕುತ್ತ ನಾನು ಮುಂದೆ, ತಂತಿ ಬಿಡುತ್ತ ಸೂರಜ ಹಿಂದೆ. ಕೆಳಗಿನಿಂದ ಗುರಮ್ಮ, "ಎಡಕ್ಕ ಶಾವಿಗಿ ಐತಿ, ನೋಡ್ಕೊಂಡು!" ಎಂದು ಕೂಗುತ್ತಿದ್ದರು. ಇಳಿದ ಮೇಲೆ ಅವರೇ ಒಂದು ಕೊಡ ನೀರು ತಂದು ನಮ್ಮಿಬ್ಬರ ಕಾಲ ಮೇಲೆ ಸುರಿದರು. ಒಂದು ಹಪ್ಪಳವೂ ಮುರಿದಿರಲಿಲ್ಲ.

ಅವತ್ತು ಸಂಜೆ ಡ್ರೈವರ್ ಚಹಾ ಕುಡಿದು ಮುಗಿಸುವ ಮೊದಲೇ ಬಿಲ್ಟಿ ಅಚ್ಚಾಗಿ ಬಂತು. ಅವನು ನನ್ನ ಮುಖ, ಕಾಗದ ಎರಡನ್ನೂ ನೋಡಿದ. ಮನೆಗೆ ಹೋಗಿ ನಾನು ಒಂದು ರೊಟ್ಟಿ ಹೆಚ್ಚಿಗೆ ಉಂಡೆ.

ಲೈನು ಛಲೋ ಇದೆ ಎಂದು ಮಾಲಕರು ಮುಂದಿನ ವಾರ ಆಫೀಸಿನ ಬಾಗಿಲಿಗೆ ಒಂದು ಕ್ಯಾಮೆರಾ ಕೂರಿಸಿದರು. ಇಪ್ಪತ್ತು ದಿನ ಲೈನು ಒಮ್ಮೆಯೂ ಕೈಕೊಡಲಿಲ್ಲ. ಇಪ್ಪತ್ತೊಂದನೆಯ ದಿನ ಮಾಲಕರ ಫೋನು.

"ಕಾಕಾ," ಎಂದರು. ನಾನು ಕುರ್ಚಿ ಹಿಡಿದು ಕೂತೆ. "ಲೈನ್ ಮಸ್ತ್ ಆಗೇತಿ. ಗಾಡಿ ನಂಬರ್ ಕ್ಯಾಮೆರಾದಾಗ ಇಲ್ಲಿ ಸೊಲ್ಲಾಪುರದಾಗ ಕಾಣತೈತಿ, ನಮ್ಮ ಆಫೀಸಿನ ಸೋನಾಲಿ ಇಲ್ಲೇ ಕೂತು ಬಿಲ್ಟಿ ತಗೀತಾಳ. ಅಲ್ಲಿ ಕಾಗದ ಹರದು ಕೊಡಾಕ ಹಮಾಲ ಒಬ್ಬ ಸಾಕು. ನೀವು ಸೋಮವಾರದಿಂದ ಮಂಗಳವೇಢೆ ಆಫೀಸಿಗೆ ಹೋಗ್ರಿ. ಅಲ್ಲೂ ನೆಟ್ಟಿಂದು ಹಿಂಗ ತ್ರಾಸ ಐತಿ. ನಿಮ್ಮಂಗ ಲೈನ್ ಹುಡುಕು ಮಂದಿ ನಮ್ಮ ಕಡೆ ಯಾರೂ ಇಲ್ಲ."

ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳಿಸಿತು. ನಡುವೆ ಒಮ್ಮೆಯಾದರೂ ಕಟ್ ಆಗಬಾರದಿತ್ತೇ ಎನಿಸಿತು. "ಹೂಂನ್ರಿ," ಎಂದೆ. ಟೈ ಕಟ್ಟಿದವನನ್ನು ಒಪ್ಪಿಕೊಂಡಿದ್ದರೆ ಲೈನು ಕೆಟ್ಟು ನಾನು ಸೊಲ್ಲಾಪುರಕ್ಕೆ ಒಂದು ಬಸ್ ಹತ್ತುತ್ತಿದ್ದೆ. ಸರಿಯಾದದ್ದನ್ನು ಆರಿಸಿದೆ. ಈಗ ಸೊಲ್ಲಾಪುರಕ್ಕೆ ಒಂದು, ಅಲ್ಲಿಂದ ಮಂಗಳವೇಢೆಗೆ ಇನ್ನೊಂದು.

ಮನೆಯಲ್ಲಿ ಹೇಳಿದೆ. ರಖಮಾಬಾಯಿ ಗೋಡೆಯ ಮಾಡದಿಂದ ಡಬ್ಬಿ ಇಳಿಸಿ, ಸಾಸಿವೆಯನ್ನು ಒಂದು ಬಾಟಲಿಗೆ ಸುರಿದು, ಬಚ್ಚಲಲ್ಲಿ ಕೂತು ಡಬ್ಬಿಗೆ ಬೂದಿ ಹಚ್ಚಿ ತಿಕ್ಕತೊಡಗಿದಳು. ಬಹಳ ಹೊತ್ತು ತಿಕ್ಕಿದಳು. ಆಮೇಲೆ ತಲೆ ಎತ್ತದೆ ಕೇಳಿದಳು:

"ಅಲ್ಲಿನೂ ಛಲೋ ಲೈನೇ ಹುಡುಕ್ತೀರೇನ್ರಿ?"

ಕೆಟ್ಟದ್ದನ್ನು ಆರಿಸಲು ನನಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತು. ಮೊಣಕಾಲಿಗೆ ಸ್ವಲ್ಪ ಎಣ್ಣೆ ಬಿಸಿ ಮಾಡು ಎಂದೆ.