ಇನ್‌ಕ್ಯುಬೇಟರಿಗೆ ಆಯುಧಪೂಜೆ

ವಿಜಯದಶಮಿಯ ಬೆಳಿಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ, ಸಿದ್ಧಾರ್ಥ್ ಸಾರ್ ಫೋನ್ ಬಂತು.

"ವೇಣಿ, ನಿಂತ್ಹೋದ್ವು! ಎಲ್ಲಾ ಒಟ್ಟಿಗೆ ನಿಂತ್ಹೋದ್ವು! ನನ್ನ ಗೆರೆ ಎಲ್ಲಿದೆಯೋ ಕರೆಕ್ಟಾಗಿ ಅಲ್ಲೇ!"

ಅವರ ದನಿಯಲ್ಲಿ ಮನೆಯಲ್ಲಿ ಮಗು ಹುಟ್ಟಿದ ಸಂಭ್ರಮ. ನಾನು ನೊರೆ ಉಗಿದು ಬ್ರಷ್ ಕೆಳಗಿಟ್ಟೆ. ನಿಂತದ್ದು ನನ್ನ ಕೋಶಗಳು. ಮೂರು ವರ್ಷದಲ್ಲಿ ಒಂದು ಸಲವೂ ನಿಲ್ಲದವು ಹಬ್ಬದ ದಿನ ಯಾಕೆ ನಿಲ್ಲಬೇಕು?

ವೈಟ್‌ಫೀಲ್ಡಿನ ಆಚೆ ನಮ್ಮದೊಂದು ಸಂಶೋಧನಾ ಕೇಂದ್ರ. ಮೂರು ಶಾಸ್ತ್ರದವರನ್ನು ಒಂದೇ ಹಗ್ಗಕ್ಕೆ ಕಟ್ಟಿದರೆ ಹೊಸ ಜ್ಞಾನ ಹುಟ್ಟುತ್ತದೆ ಎಂದು ಅಲ್ಲಿನ ಯಾವ ಪುಣ್ಯಾತ್ಮರಿಗೆ ಹೊಳೆಯಿತೋ ಗೊತ್ತಿಲ್ಲ. ಯೋಜನೆಗೆ 'ಗುಂಪಿನ ಚಲನೆ' ಎಂದು ಹೆಸರಿಟ್ಟರು. ಭೌತಶಾಸ್ತ್ರಕ್ಕೆ ಸಿದ್ಧಾರ್ಥ್ ಸಾರ್, ನನ್ನ ಗೈಡ್. ಅವರದು ಬರೀ ಸಿದ್ಧಾಂತ. ಬೋರ್ಡು, ಲ್ಯಾಪ್‌ಟಾಪು ಬಿಟ್ಟರೆ ಬೇರೇನನ್ನೂ ಮುಟ್ಟುವವರಲ್ಲ. ಸಮಾಜಶಾಸ್ತ್ರಕ್ಕೆ ರೇವಣಸಿದ್ದ. ಅವನು ಸಿಗ್ನಲ್ಲಿನಲ್ಲಿ ನಿಂತ ಜನರ ಅಧ್ಯಯನ ಮಾಡಬೇಕಾದವನು, ಆದರೆ ಬಿಸಿಲಿಗೆ ಬೇಸತ್ತು ನಮ್ಮ ಲ್ಯಾಬಿನಲ್ಲೇ ಕೂತು ನಮ್ಮನ್ನೇ ಅಧ್ಯಯನ ಮಾಡುತ್ತಾನೆ. ಜೀವಕೋಶಕ್ಕೆ ನಾನು.

ಕೋಶಗಳು ಒತ್ತೊತ್ತಾಗಿ ಬೆಳೆದಾಗ, ಸಂಜೆ ಕುಂದಲಹಳ್ಳಿ ಗೇಟಿನ ಟ್ರಾಫಿಕ್ಕಿನ ಹಾಗೆ, ಒಂದು ಹಂತದಲ್ಲಿ ಎಲ್ಲವೂ ಒಟ್ಟಿಗೆ ನಿಂತುಬಿಡಬೇಕು ಎಂಬುದು ಸಾರ್ ಸಿದ್ಧಾಂತ. ಯಾವ ಹಂತದಲ್ಲಿ ಎಂದು ಗ್ರಾಫಿನಲ್ಲಿ ಗೆರೆಯನ್ನೂ ಎಳೆದಿಟ್ಟಿದ್ದರು. ನನ್ನವು ನಿಲ್ಲುತ್ತಿರಲಿಲ್ಲ. ಬೈಕಿನವರ ಹಾಗೆ ಸಂದಿಗೊಂದಿಯಲ್ಲಿ ನುಗ್ಗುತ್ತಿದ್ದವು. ಪ್ರತಿ ಸಲ ಫಲಿತಾಂಶ ತೋರಿಸಿದಾಗಲೂ ಸಾರ್ ಕನ್ನಡಕ ಒರೆಸಿಕೊಂಡು "ಇನ್ನೊಂದ್ಸಲ ಮಾಡಿ" ಎನ್ನುತ್ತಿದ್ದರು. ಸಿದ್ಧಾಂತ ತಪ್ಪಿರಬಹುದು ಎಂಬ ಮಾತು ಅವರ ತಲೆಗೆ ಹತ್ತಲೇ ಇಲ್ಲ.

ಅವು ಸುಟ್ಟಗಾಯದ ರೋಗಿಯೊಬ್ಬರು ಒಪ್ಪಿ ಕೊಟ್ಟ ಚರ್ಮದ ಕೋಶಗಳು. ಭಾನುವಾರ ಇಲ್ಲ, ಮದುವೆ ಇಲ್ಲ, ಎರಡು ದಿನಕ್ಕೊಮ್ಮೆ ಹೋಗಿ ಆಹಾರ ಬದಲಾಯಿಸಬೇಕು. ಅಕ್ಕನ ಸೀಮಂತದಲ್ಲಿ ಎಲೆ ಮುಂದಿನಿಂದ ಎದ್ದು ಹೋಗಿದ್ದೆ. ಫ್ರೀಜ್ ಮಾಡಿಟ್ಟದ್ದೆಲ್ಲ ಮುಗಿದು ಈಗ ತಟ್ಟೆಗಳಲ್ಲಿ ಬೆಳೆಯುತ್ತಿದ್ದವೇ ಕೊನೆ. ನನ್ನ ಫೆಲೋಶಿಪ್ಪೂ ನವೆಂಬರಿಗೆ ಕೊನೆ. ಇವು ಕೈಕೊಟ್ಟರೆ ಪಿಎಚ್‌ಡಿ ಕೈಬಿಟ್ಟ ಹಾಗೆಯೇ.

ಸ್ಕೂಟರ್ ಹತ್ತಿ ಹೊರಟೆ. ರಸ್ತೆ ತುಂಬ ಹಿಂದಿನ ದಿನ ಒಡೆದ ಬೂದುಗುಂಬಳ, ಚಕ್ರ ಜಾರುತ್ತಿತ್ತು. ಬೈದುಕೊಳ್ಳುತ್ತಲೇ ಕೇಂದ್ರ ತಲುಪಿದೆ.

ಲ್ಯಾಬಿನ ಬಾಗಿಲು ತೆಗೆದರೆ ಊದುಬತ್ತಿಯ ವಾಸನೆ. ಕೋಶ ಬೆಳೆಸುವ ನನ್ನ ಇನ್‌ಕ್ಯುಬೇಟರು ಮದುವಣಗಿತ್ತಿಯಾಗಿ ನಿಂತಿತ್ತು. ಮೈಗೆಲ್ಲ ವಿಭೂತಿ ಪಟ್ಟೆ, ಅರಿಶಿನ ಕುಂಕುಮ, ಹಿಡಿಗೆ ಚೆಂಡುಹೂವು, ತಲೆಯ ಮೇಲೆ ಕಡ್ಲೆಪುರಿ. ಬಾಗಿಲು ಅರ್ಧ ತೆರೆದಿತ್ತು. ಸ್ವಿಚ್ಚು ಆಫ್. ಬೇರೆ ಕರೆಂಟ್ ಲೈನಿನಲ್ಲಿದ್ದ ಒಳಗಿನ ಕ್ಯಾಮೆರಾ ಮಾತ್ರ ಏನೂ ಆಗಿಲ್ಲವೆಂಬಂತೆ ಕೋಶಗಳ ಫೋಟೋ ತೆಗೆದು ಸಾರ್ ಲ್ಯಾಪ್‌ಟಾಪಿಗೆ ಕಳಿಸುತ್ತಲೇ ಇತ್ತು.

ತಟ್ಟೆ ತೆಗೆದು, ಒಂದು ತೊಟ್ಟು ನೀಲಿ ಬಣ್ಣ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಬದುಕಿರುವ ಕೋಶ ಆ ಬಣ್ಣವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸತ್ತದ್ದು ಮಾತ್ರ ಹೀರುತ್ತದೆ. ಕಣ್ಣು ಹಾಯಿಸಿದಲ್ಲೆಲ್ಲ ನೀಲಿ. ಅಳು ಬರಲಿಲ್ಲ, ಮೈ ಉರಿಯಿತು.

ಮೇಲ್ವಿಚಾರಕ ವೆಂಕಟೇಶಪ್ಪನವರು ಕಾರಿಡಾರಿನಲ್ಲಿ ಸಿಕ್ಕರು. ಪ್ರತಿ ವರ್ಷ ಪೂಜೆ ಮಾಡಿಸುವವರು ಅವರೇ. ಸರಿಯಾಗಿ ಹರಿಹಾಯ್ದೆ.

"ನಾನಲ್ಲ ಕಣಮ್ಮ," ಎಂದರು ಅವರು. "ಮುಟ್ಬೇಡಿ ಅಂತ ನೀನು ಚೀಟಿ ಅಂಟ್ಸಿದ್ದೀಯ, ಅದಕ್ಕೇ ನಿನ್ ರೂಮ್ ಕಡೀಕೇ ಬರ್ಲಿಲ್ಲ. ನಿನ್ನೆ ಸಿದ್ಧಾರ್ಥ್ ಸಾರೇ ಬಂದು ಕುಂಕುಮ, ಊವ ಇಸ್ಕೊಂಡೋದ್ರು. ಎಲ್ರೂ ಅವರವ್ರ ಆಯುಧಕ್ಕೆ ಮಾಡ್ತಾವ್ರೆ, ನಾನೊಬ್ನೇ ಯಾಕೆ ಸುಮ್ಕಿರ್ಲಿ ಅಂದ್ರು."

ಅಷ್ಟರಲ್ಲಿ ಸಾರೇ ಬಂದರು, ಎದೆಗೆ ಲ್ಯಾಪ್‌ಟಾಪು ಅವುಚಿಕೊಂಡು. ಹಿಂದೆ ಮೊಬೈಲ್ ಹಿಡಿದ ರೇವಣಸಿದ್ದ.

"ಇನ್‌ಕ್ಯುಬೇಟರ್ ಆಫ್ ಮಾಡಿದ್ದು ನೀವಾ ಸಾರ್?"

"ಹೌದು. ಪೀಣ್ಯದಲ್ಲಿ ನಮ್ಮಪ್ಪನ ಲೇಥ್ ಶಾಪಲ್ಲಿ ಹಂಗೇ ಮಾಡೋದು. ಮೇನ್ ಆಫ್ ಮಾಡಿ, ಒಳಗೂ ಹೊರಗೂ ಒರೆಸಿ, ಪೂಜೆ ಮಾಡಿದ್ಮೇಲೆ ಮಾರನೇ ದಿನದವರೆಗೂ ಯಾರೂ ಮುಟ್ಟೋ ಹಾಗಿಲ್ಲ. ಮಷೀನ್‌ಗೂ ಒಂದು ದಿನ ರೆಸ್ಟ್ ಬೇಡ್ವಾ? ಕ್ಯಾಮೆರಾ ಆಫ್ ಮಾಡ್ಲಿಲ್ಲ ನೋಡಿ, ಡೇಟಾ ಬರ್ಬೇಕಲ್ಲ. ಅದಿರ್ಲಿ, ಇಲ್ಲಿ ನೋಡಿ!"

ಪರದೆಯ ಮೇಲೆ ಅವರ ಗೆರೆ. ಅದರ ಮೇಲೆಯೇ ಕೂತ ನನ್ನ ಕೋಶಗಳ ಚುಕ್ಕಿಗಳು, ಒಂದೂ ಆಚೀಚೆ ಇಲ್ಲ.

"ಸತ್ತಿವೆ ಸಾರ್."

"ನಿಂತಿವೆ."

"ಸತ್ತಿದ್ದಕ್ಕೇ ನಿಂತಿರೋದು! ನೀವೇ ಕೊಂದಿದ್ದು!"

ರೇವಣಸಿದ್ದ ಮೆಲ್ಲಗೆ ಮೊಬೈಲ್ ನನ್ನ ಮುಖದ ಹತ್ತಿರ ತಂದ. "ವೇಣಿ, ಲ್ಯಾಬಿಗೆ ಸಂಪ್ರದಾಯ ಬಂದಾಗ ವಿಜ್ಞಾನಿಗೆ ಏನನ್ಸುತ್ತೆ ಅಂತ ಎರಡು ಮಾತು ಹೇಳ್ರಿ. ಇದು ಭಾಳ ಛಲೋ ಪೇಪರ್ ಆಗ್ತೈತಿ."

"ಆ ಮೊಬೈಲ್ ಈಗ ಕೆಳಗಿಳಿಸದಿದ್ರೆ ನಿನ್ನ ಪೇಪರ್ ಆಸ್ಪತ್ರೇಲಿ ಬರೀಬೇಕಾಗುತ್ತೆ," ಎಂದೆ. ಇಳಿಸಿದ.

ಸಾರ್ ದನಿ ತಗ್ಗಿಸಿದರು. "ವೇಣಿ, ತಾಳ್ಮೆಯಿಂದ ಕೇಳಿ. ನವೆಂಬರ್ ಬಂದೇಬಿಡ್ತು. 'ಚಲನೆ ನಿಂತಿತು' ಅಂತಷ್ಟೇ ಬರೆಯೋಣ. ಯಾಕೆ ನಿಂತ್ವು ಅಂತ ಯಾರು ಕೇಳ್ತಾರೆ? ಪೇಪರ್ ಆಗುತ್ತೆ, ನಿಮ್ ಪಿಎಚ್‌ಡೀನೂ ಆಗುತ್ತೆ."

ಸುಳ್ಳೇಕೆ ಹೇಳಲಿ, ಆಸೆಯಾಯಿತು. ಒಂದು 'ಹೂಂ' ಅಂದರೆ ಸಾಕಿತ್ತು, ಮೂರು ವರ್ಷದ ಜೀತ ಮುಗಿಯುತ್ತಿತ್ತು. ಅಮ್ಮ ಬೀದಿಗೆಲ್ಲ ಹೋಳಿಗೆ ಹಂಚುತ್ತಿದ್ದಳು. ಬಾಯಿಯವರೆಗೆ ಬಂದ ಆ ಮಾತನ್ನು ನುಂಗಿಕೊಂಡು, ಅವರನ್ನು ಲ್ಯಾಬಿನೊಳಗೆ ಕರೆದೊಯ್ದು, ಇನ್‌ಕ್ಯುಬೇಟರಿನಿಂದ ಮೇಲಿನ ತಟ್ಟೆ ತೆಗೆದು ಅವರ ಅಂಗೈ ಮೇಲಿಟ್ಟೆ. ಮೂರು ವರ್ಷದಲ್ಲಿ ಅವರು ತಟ್ಟೆಯೊಂದನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

"ತಣ್ಣಗಿದೆ," ಎಂದರು.

"ನಮ್ಮ ಮೈಯಷ್ಟೇ ಬೆಚ್ಚಗಿರ್ಬೇಕು ಸಾರ್. ಹಗಲೂ ರಾತ್ರಿ. ಆ ಡಬ್ಬ ಇರೋದೇ ಅದಕ್ಕೆ. ನಿಮ್ಮ ಸಮೀಕರಣದಲ್ಲಿ ಶಾಖ ಎಲ್ಲಿದೆ?"

ಸಾರ್ ತಟ್ಟೆಯನ್ನೇ ನೋಡುತ್ತಿದ್ದರು. "ಶಾಖ... ಲೆಕ್ಕ ಸುಲಭ ಆಗ್ಲಿ ಅಂತ, ಅದು ಬದಲಾಗೋದೇ ಇಲ್ಲ ಅಂದ್ಕೊಂಡು, 'ಒಂದು' ಅಂತ ಇಟ್ಕೊಂಡಿದ್ದೆ."

"ಸತ್ತಿವೆ ಅಂತ ಬರೆಯೋದಾದ್ರೆ ಬರೀರಿ. ನಿಂತಿವೆ ಅಂತ ಬರೆದ್ರೆ ಅದ್ರಲ್ಲಿ ನನ್ನ ಹೆಸರು ಬೇಡ."

"ಮತ್ತೆ ನಿಮ್ ಪಿಎಚ್‌ಡಿ?"

"ಹೋಗುತ್ತೆ," ಎಂದೆ. ಹೇಳಿದ ಮೇಲೆ ಅದು ನಿಜ ಎಂದು ನನಗೇ ಗೊತ್ತಾಯಿತು.

ಲ್ಯಾಪ್‌ಟಾಪಿನಲ್ಲಿ ಗೆರೆ ಹಾಗೆಯೇ ಇತ್ತು, ನೋಡಲು ಚೆನ್ನಾಗಿಯೇ ಇತ್ತು. ಸಾರ್ ಕೈ ಚಾಚಿಕೊಂಡೇ ನಿಂತಿದ್ದರು.

"ಇದನ್ನ ಎಲ್ಲಿಡ್ಲಿ?"

ಲ್ಯಾಬಿನ ಮೂಲೆಯಲ್ಲಿದ್ದ ಹಳದಿ ಚೀಲ ತೋರಿಸಿದೆ, ಸತ್ತ ಕೋಶಗಳನ್ನು ಎಸೆಯುವ ಚೀಲ.

"ಅದರೊಳಗೆ ಹಾಕಿ ಸಾರ್. ಉಳಿದವನ್ನೂ ನೀವೇ ಹಾಕಿ."

ಹಾಕಿದರು, ಒಂದೊಂದಾಗಿ.