ಮಗಳ ಕನಸಿನ ಹೊಸ್ತಿಲು

ಮಲಗಿದಮ್ಮನ ಗುಡಿಯಲ್ಲಿ ರೋಗಿಗಳ ಕನಸಿಗಿಳಿದು ವಾಸಿ ಮಾಡುವ ಕೆಲಸದ ಆ ಹೆಂಗಸಿಗೆ ಊರೆಲ್ಲ ಕೈಮುಗಿಯುತ್ತಿತ್ತು. ಪಕ್ಕದಲ್ಲಿ ಕೂತು ಎರಡು ತುತ್ತು ಉಣ್ಣುವವರು ಮಾತ್ರ ಒಬ್ಬರೂ ಇರಲಿಲ್ಲ. ಹೇಗೆ ಕೂತಾರು ಹೇಳಿ! ಹೊಟ್ಟೆಯೊಳಗಿನ ಗುಟ್ಟನ್ನೆಲ್ಲ ನೋಡಿ ಬಂದವಳ ಎದುರು ಅನ್ನ ಗಂಟಲಿಗಿಳಿಯಬೇಕಲ್ಲ. ಅವಳು ರೋಗಿಗಳ ಚಾಪೆ ಒರೆಸುತ್ತ, ಹೊದಿಕೆ ಮಡಿಸುತ್ತ, ಅವುಗಳ ಜೊತೆಯಲ್ಲೇ ನಾಲ್ಕು ಮಾತಾಡಿ ದಿನ ತಳ್ಳುತ್ತಿದ್ದಳು.

ಲೋಕವೆಂದರೆ ಮಲಗಿದಮ್ಮ ನಿದ್ದೆಯಲ್ಲಿ ಕಟ್ಟಿದ ದೊಡ್ಡ ಮನೆ, ಒಬ್ಬೊಬ್ಬರ ಕನಸೂ ಅದರಲ್ಲಿ ಒಂದೊಂದು ಕೋಣೆ ಎಂದು ಆ ಗುಡಿಯವರ ನಂಬಿಕೆ. ಕನಸಿಗಿಳಿಯುವವರು ಯಾರ ಕೋಣೆಯ ಬಾಗಿಲವರೆಗಾದರೂ ಹೋಗಬಹುದು. ಹೊಸ್ತಿಲು ದಾಟಬೇಕಾದರೆ ಒಳಗಿನವರೇ ‘ಬಾ’ ಅನ್ನಬೇಕು. ಮೂವತ್ತು ವರ್ಷದಲ್ಲಿ ಇವಳು ಒಂದೇ ಒಂದು ಸಲ ಕರೆಯದೆ ದಾಟಿದ್ದಳು, ಅದೂ ಸ್ವಂತ ಮಗಳ ಕನಸಿಗೆ. ಹದಿನೇಳರ ಹುಡುಗಿ ಊಟ ಬಿಟ್ಟು ಮುಖ ಊದಿಸಿಕೊಂಡು ಕೂತರೆ ಹೆತ್ತವಳಿಗೆ ಸಂಕಟವಾಗದೆ ಇರುತ್ತದೆಯೇ? ಒಳಗೆ ಗಂಟೆ ಎರಕ ಹೊಯ್ಯುವವನ ಮಗ ಕಂಡ. ಕಂಡದ್ದನ್ನು ಹೊಟ್ಟೆಗೆ ಹಾಕಿಕೊಂಡು ಸುಮ್ಮನಿರಬಾರದಿತ್ತೇ, ಮಹಾತಾಯಿ! ಬೆಳಗಾಗುತ್ತಲೇ ಹೋಗಿ ಅವನಪ್ಪನ ಕಿವಿಗೆ ಹಾಕಿ ಬಂದಳು. ವಾರದೊಳಗೆ ಹುಡುಗನನ್ನು ಊರು ಬಿಡಿಸಿದರು.

ಮಗಳು ಮನೆ ಬಿಟ್ಟು ಎಚ್ಚರದವರ ಮತಕ್ಕೆ ಸೇರಿದಳು. ಕನಸೆಂದರೆ ಕಳ್ಳರಿಗೆ ತೆರೆದಿಟ್ಟ ಬಾಗಿಲು ಅನ್ನುವ ಜನ ಅವರು. ದಿನವೂ ಕಹಿ ಕಷಾಯ ಕುಡಿದು ಕನಸೇ ಬೀಳದಂತೆ ಮಲಗುತ್ತಾರೆ. ಆ ಮತದವನೊಬ್ಬನನ್ನೇ ಮದುವೆಯಾಗಿ, ಹನ್ನೊಂದು ವರ್ಷ ಅವಳು ಅಮ್ಮನ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ಮಧ್ಯಾಹ್ನ ಕುದುರೆಗೆ ಜೀನು ಹೊಲಿಯುವ ಅಳಿಯ ಮಗಳನ್ನು ಕೈಗಾಡಿಯಲ್ಲಿ ಮಲಗಿಸಿಕೊಂಡು ತಳ್ಳುತ್ತ ಬಂದ. ಅವನು ಅತ್ತೆಯೊಡನೆ ಮಾತಾಡಿದ್ದು ಅದೇ ಮೊದಲು.

“ಬಸುರಿ ಅಂತ ಸೂಲಗಿತ್ತಿ ಕಷಾಯ ಬಿಡಿಸಿದ್ರು ಅತ್ತೆ. ಕಣ್ಮುಚ್ಚಿ ನಾಲ್ಕು ದಿನ ಆಯ್ತು, ಏಳ್ತಾನೇ ಇಲ್ಲ. ನೀರೂ ಇಳೀತಿಲ್ಲ. ಇಲ್ಲಿಗೆ ಬಂದಿದ್ದು ನಮ್ಮವರಿಗೆ ಗೊತ್ತಾದ್ರೆ ನನ್ನ ಚರ್ಮದಲ್ಲೇ ಜೀನು ಹೊಲೀತಾರೆ.”

“ಮೊದ್ಲು ಒಳಗೆ ಎತ್ಕೊಂಡು ಬಾಪ್ಪ,” ಅಂದಳು. ಮಗಳ ಒಣಗಿದ ತುಟಿಗೆ ಒದ್ದೆ ಬಟ್ಟೆ ಒತ್ತಿದಳು. ಪಕ್ಕದಲ್ಲಿ ಚಾಪೆ ಹಾಸಿಕೊಂಡು, ಅವಳ ಕಿರುಬೆರಳು ಹಿಡಿದು, ಕನಸಿಗಿಳಿದಳು.

ಬಾಗಿಲು ಮುಚ್ಚಿತ್ತು. ಒಳಗಿನಿಂದ ಮಗಳು ಬೆನ್ನು ಕೊಟ್ಟು ಅದನ್ನು ಒತ್ತಿ ಹಿಡಿದಿದ್ದಳು, ಏದುಸಿರು ಕೇಳುತ್ತಿತ್ತು. ಕನಸಿನೊಳಗೆ ನಿದ್ದೆ ಹೋದವರೇ ಈಚೆ ಕಣ್ಣು ಬಿಡುವುದು. ಈ ಹುಡುಗಿಯೋ ನಾಲ್ಕು ದಿನದಿಂದ ರೆಪ್ಪೆ ಮುಚ್ಚದೆ ಬಾಗಿಲು ಕಾಯುತ್ತಿದ್ದಾಳೆ. ಭುಜ ಕೊಟ್ಟು ನೂಕಿದರೆ ಬಾಗಿಲು ತೆರೆದೀತು, ಆದರೆ ಅವಳು ಹೆದರಿ ಒಳಗೊಳಗಿನ ಕೋಣೆಗೆ ಓಡಿಬಿಡುತ್ತಾಳೆ. ಅಲ್ಲಿಗೆ ಓಡಿದವರನ್ನು ಯಾರೂ ಮರಳಿ ತಂದದ್ದಿಲ್ಲ. ‘ಮಗಳೇ’ ಎಂದು ಕೂಗಿದರೂ ಅದೇ ಗತಿ. ಹನ್ನೊಂದು ವರ್ಷದಿಂದ ನಾಲಿಗೆ ತುದಿಯಲ್ಲಿದ್ದ ಆ ಮಾತನ್ನು ಅವಳು ನುಂಗಿಕೊಂಡಳು. ಹೊಸ್ತಿಲಿಗೆ ಬೆನ್ನು ಹಾಕಿ ಕೂತಳು.

“ಯಾರದು?” ಒಳಗಿನಿಂದ ಕೇಳಿತು.

“ಕಾವಲಿನವಳು,” ಅಂದಳು, ದನಿ ಬದಲಿಸಿ. “ನೀನು ಮಲಕ್ಕೋ. ಯಾರನ್ನೂ ಒಳಗೆ ಬಿಡಲ್ಲ.”

“ಎಲ್ರೂ ಹಂಗೇ ಹೇಳ್ತಾರೆ.”

“ಅನುಮಾನ ಇದ್ರೆ ಬಾಗಿಲು ಹಿಡ್ಕೊಂಡೇ ಇರು. ನಾನೇನೂ ಎದ್ದು ಹೋಗಲ್ಲ.”

ಬಾಗಿಲು ಒಮ್ಮೆ ಕಿರುಗುಟ್ಟಿತು. ಆಮೇಲೆ ಸಣ್ಣ ದನಿ ಬಂತು.

“ನಮ್ಮಮ್ಮ ಬಂದ್ರೆ?”

ಹೆಂಗಸಿಗೆ ಅಳು ಒತ್ತರಿಸಿ ಬಂತು. ಸೆರಗು ಬಾಯಿಗೆ ತುರುಕಿಕೊಂಡು, ಅಳು ಇಳಿದ ಮೇಲೆ ಹೇಳಿದಳು.

“ಅವಳನ್ನೂ ಬಿಡಲ್ಲ.”

ಒಳಗೆ ಬಳೆ ಸದ್ದಾಯಿತು. ಬಾಗಿಲ ಮೇಲಿನ ಒತ್ತಡ ಕಡಿಮೆಯಾಯಿತು. ಏದುಸಿರು ನಿಧಾನವಾಗಿ ಒಂದೇ ಸಮವಾಯಿತು.

ಗುಡಿಯ ಚಾಪೆಯ ಮೇಲೆ ಮಗಳು ಕಣ್ಣು ಬಿಟ್ಟು ನೀರು ಕೇಳಿದಳು. ಅಳಿಯ ಅಳುತ್ತ ನಗುತ್ತ ಲೋಟ ಹಿಡಿದ. ಒಂದೇ ಗುಟುಕಿಗೆ ಕುಡಿದು, ಪಕ್ಕದಲ್ಲಿದ್ದ ಅಮ್ಮನನ್ನು ನೋಡಿದ್ದೇ ಅವಳು ಕೈ ಎಳೆದುಕೊಂಡಳು.

“ಒಳಗೆ ಬಂದಿದ್ಯಾ?”

“ಇಲ್ಲ ಕಣೆ.”

“ಗೊತ್ತು ಬಿಡು. ನೀನು ಬಂದಿದ್ರೆ ಬಾಗಿಲು ಮುರೀತಿದ್ದೆ.” ಗಂಡನ ಹೆಗಲು ಹಿಡಿದು ಎದ್ದಳು. ಗಾಡಿಯಲ್ಲಿ ಕೂತ ಮೇಲೆ ಏನೋ ಯೋಚಿಸಿ ತಿರುಗಿದಳು, ಮುಖ ಮೆತ್ತಗಾಗಿತ್ತು.

“ಹೊರಗೆ ಒಬ್ಬಳು ಕಾವಲಿಗೆ ಕೂತಿದ್ಲು. ನಿಮ್ಮ ಗುಡಿಯವಳೇ ಇರ್ಬೇಕು, ಪಾಪ, ಒಳ್ಳೆಯವಳು. ಹೆರಿಗೆ ಆಗೋವರೆಗೂ ಕಷಾಯ ಕುಡಿಯೋ ಹಂಗಿಲ್ಲ ನಾನು. ಅಲ್ಲೀವರೆಗೂ ದಿನಾ ಬಾ ಅಂತ ಅವಳಿಗೆ ಹೇಳ್ತೀಯಾ?”

“ಹೇಳ್ತೀನಿ,” ಅಂದಳು ಅಮ್ಮ.