ಮುಖ ಮರೆಯದ ಯಂತ್ರ

ರಾಣೆಬೆನ್ನೂರಿನ ಕಾಲೇಜಿನಲ್ಲಿ, ತನ್ನ ಕಂಪ್ಯೂಟರಿನ ಪರದೆಯ ಮೇಲೆ ಕಾವೇರಿಯ ಮುಖ ಮೂಡಿದಾಗ ಅರುಣಾ ಮುಂದಕ್ಕೆ ಬಾಗಿ ಮತ್ತೊಮ್ಮೆ ನೋಡಿದಳು. ಆ ಫೋಟೊವನ್ನು ಅವಳೇ ಅಳಿಸಿಹಾಕಿದ್ದಳು.

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ಬೆರಳ ಗೆರೆ ಸವೆದು, ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಪ್ಪುತ್ತಿರಲಿಲ್ಲ. ಅದಕ್ಕೆಂದೇ ಸಂಶೋಧಕಿ ಅರುಣಾ, ಅವರ ಫೋಟೊಗಳಿಂದ ಕಲಿತು ಮುಖ ಗುರುತಿಸುವ ಕಂಪ್ಯೂಟರ್ ಪ್ರೋಗ್ರಾಂ, ಅಂದರೆ ಡೀಪ್ ಲರ್ನಿಂಗ್ ಮಾದರಿಯೊಂದನ್ನು ಕಟ್ಟಿದ್ದಳು. ಫೋಟೊ ಕೊಡಲು ಕಾವೇರಿ ಮಾತ್ರ ಹಿಂದೆಮುಂದೆ ನೋಡಿದ್ದಳು. ಕೊಲ್ಲಲು ಬಂದ ಗಂಡನಿಂದ ತಪ್ಪಿಸಿಕೊಂಡು, ಮಗಳೊಂದಿಗೆ ಅಲ್ಲಿ ತಲೆಮರೆಸಿಕೊಂಡಿದ್ದವಳು ಅವಳು. ಫೋಟೊ ಯಾರಿಗೂ ಕಾಣುವುದಿಲ್ಲವೆಂದು ಅರುಣಾ ಮಾತು ಕೊಟ್ಟಿದ್ದಳು. ಹೆಸರು, ಫೋಟೊ ಎಲ್ಲ ಅಳಿಸಿದ ಮೇಲೆಯೇ ಮಾದರಿಯನ್ನು ಬೇರೆ ಸಂಶೋಧಕರಿಗಾಗಿ ಅಂತರ್ಜಾಲದಲ್ಲಿ ಇಟ್ಟಿದ್ದಳು.

ಈಗ ಪರೀಕ್ಷೆಗೆಂದು ಅದನ್ನು ಕೆದಕಿದರೆ, ಫೋಟೊ ಅಳಿಸಿದ್ದರೂ ಕಲಿತ ಮುಖಗಳನ್ನು ಅದು ಒಂದೊಂದಾಗಿ ಚಿತ್ರ ಬರೆದು ತೋರಿಸುತ್ತಿತ್ತು. ಕಾವೇರಿಯ ಹುಬ್ಬಿನ ಮೇಲಿನ ಗಾಯದ ಗುರುತೂ ಇತ್ತು. ಪಕ್ಕದಲ್ಲಿ, ಫೋಟೊದ ಜೊತೆಗೇ ಅದು ಕಲಿತಿದ್ದ ಊರು: ಬ್ಯಾಡಗಿ.

ಮಾದರಿಯನ್ನು ಕೂಡಲೇ ತೆಗೆದುಹಾಕಿದಳು. ಆದರೆ ಪ್ರತಿಗಳು ಎಲ್ಲೆಲ್ಲಿಗೋ ಹೋಗಿದ್ದವು. ಮುಖ ಹುಡುಕುವ ಜಾಲತಾಣವೊಂದು ಅದನ್ನು ಆಗಲೇ ಬಳಸುತ್ತಿತ್ತು. ಅಲ್ಲಿ ಯಾರದಾದರೂ ಫೋಟೊ ಹಾಕಿದರೆ ಊರು ಹೇಳುತ್ತಿತ್ತು. ತಾಣದವರಿಗೆ ಬರೆದಳು, ಅಂಗಲಾಚಿದಳು. ತಾಣ ನಡೆಯುತ್ತಲೇ ಇತ್ತು. ಅವಳ ಮಾರ್ಗದರ್ಶಕ ಸುನೀಲಕುಮಾರ, ಸಂಶೋಧನಾ ಪ್ರಬಂಧ ಅಚ್ಚಾಗುವವರೆಗೆ ಬಾಯಿ ಬಿಡಬೇಡ ಎಂದರು. ಅವಳು ಚೀಲ ಹೆಗಲಿಗೇರಿಸಿ ಬ್ಯಾಡಗಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಾವೇರಿಯ ಫೋನು ಸ್ವಿಚ್ ಆಫ್ ಇತ್ತು. ಆ ತಾಣದಲ್ಲಿ ಹುಡುಕಿ ಅವಳ ಗಂಡ ಆಗಲೇ ಬಂದಿದ್ದರೆ ಎಂಬುದೊಂದೇ ಯೋಚನೆ.

ಕಾವೇರಿ ತೊಟ್ಟು ಬಿಡಿಸುವ ಅಂಗಳದಲ್ಲೇ ಇದ್ದಳು, ಮೆಣಸಿನಕಾಯಿಯ ಕೆಂಪು ರಾಶಿಯ ಮುಂದೆ. ಘಾಟಿಗೆ ಕೆಮ್ಮುತ್ತಲೇ ಅರುಣಾ ಅವಳನ್ನು ಗೋಡೆಯ ಮರೆಗೆ ಕರೆದು ಎಲ್ಲ ಹೇಳಿದಳು. ಕಾವೇರಿ ಸೆರಗಿಗೆ ಕೈ ಒರೆಸಿಕೊಂಡಳು.

“ಅದನ್ನ ವಾಪಸ್ ತಗೊಳ್ಳಾಕ ಬರಾಂಗಿಲ್ಲೇನ್ರಿ, ಅಕ್ಕಾರ?”

“ಬರಾಂಗಿಲ್ಲ, ಕಾವೇರಿ. ಈಗ ಅದು ನನ್ನ ಕೈಯಾಗಿಲ್ಲ.”

ಹಾವೇರಿಯಲ್ಲಿ ನನ್ನ ಮನೆಯಲ್ಲಿರು, ಪೊಲೀಸರಿಗೆ ದೂರು ಕೊಡೋಣ ಎಂದು ಅರುಣಾ ಬೇಡಿಕೊಂಡಳು. ಕಾವೇರಿ ಕಿವಿಗೆ ಹಾಕಿಕೊಳ್ಳಲಿಲ್ಲ. ನೇರ ಶಾಲೆಗೆ ಹೋಗಿ ಮಗಳನ್ನು ಬಿಡಿಸಿಕೊಂಡು ಬಂದಳು. ಆ ಹುಡುಗಿಗೆ ಗೆಳತಿಯರಾಗಿದ್ದದ್ದೇ ಈಚೆಗೆ. ಅಳುತ್ತಲೇ ತಾಯಿಯ ಹಿಂದೆ ನಡೆದಳು. ಬಟ್ಟೆಯ ಗಂಟು, ಒಂದೆರಡು ಪಾತ್ರೆ, ಅಷ್ಟೇ ಅವರ ಸಂಸಾರ.

ಬಸ್ ನಿಲ್ದಾಣದಲ್ಲಿ ಅರುಣಾ, ಎಲ್ಲಿಗೆ ಹೊರಟೆ ಎಂದು ಕೇಳಿದಳು.

“ನಿಮಗ ಹೇಳಾಂಗಿಲ್ರಿ,” ಎಂದಳು ಕಾವೇರಿ. ದನಿಯಲ್ಲಿ ಸಿಟ್ಟೂ ಇರಲಿಲ್ಲ. “ನಿಮಗ ಗೊತ್ತಾತಂದ್ರ, ಅದೂ ಎಲ್ಲೋ ಒಂದ್ಕಡೆ ಉಳೀತೈತಿ.”

ಬಸ್ಸು ಬಂತು. ಅದರ ಬೋರ್ಡು ಕಣ್ಣಿಗೆ ಬೀಳದಿರಲೆಂದು ಅರುಣಾ ಗೋಡೆಯ ಕಡೆ ತಿರುಗಿ, ಸದ್ದು ಅಡಗುವವರೆಗೂ ಹಾಗೆಯೇ ನಿಂತಳು. ಆಮೇಲೆ ಅಂಗಳದ ದಾರಿ ಹಿಡಿದಳು. ಉಳಿದ ಹೆಂಗಸರಿಗೂ ಹೇಳುವುದಿತ್ತು.